ಫಿಟ್ಸ್ ಮಾತ್ರೆ ಮತ್ತು ಕಜ್ಜಾಯದ ಬಾಣಲೆ

ಲೋಕದಲ್ಲಿ ಎಷ್ಟೋ ಜನ ದಿನಾ ಮಾತ್ರೆ ನುಂಗುತ್ತಾರೆ. ಬಾಯಿಗೆ ಹಾಕಿಕೊಂಡು, ಒಂದು ಗುಟುಕು ನೀರು ಕುಡಿದು, ತಮ್ಮ ಕೆಲಸಕ್ಕೆ ಹೋಗುತ್ತಾರೆ. ನನ್ನ ಕೈಗೆ ಬಂದ ಮಾತ್ರೆ ಮಾತ್ರ ಸುಮ್ಮನೆ ಹೊಟ್ಟೆಗೆ ಇಳಿದದ್ದೇ ಇಲ್ಲ. ದಾರಿಯಲ್ಲಿ ಏನಾದರೂ ಒಂದು ಆಗಿಯೇ ತೀರುತ್ತಿತ್ತು.

ನಾನು ಅಡುಗೆ ಮಾಡಿ ಬಾಳಿದವನು. ಶಾಲೆಯ ಜಗುಲಿ ಮೇಲೆ ಮಲಗಿದ್ದೇನೆ, ಒಳಗೆ ಹೋಗಿ ಕೂತವನಲ್ಲ. ಅಕ್ಷರ ಕಲಿತದ್ದು ದಿನಸಿ ಚೀಟಿಗಳಿಂದ. ಹಾಗಾಗಿ ತೊಗರಿಬೇಳೆ ಅಂತ ಬರೆಯುವಷ್ಟು ಚಂದವಾಗಿ ನನ್ನ ಹೆಸರು ಬರೆಯಲು ಇವತ್ತಿಗೂ ಬರುವುದಿಲ್ಲ. ಆದರೆ ಒಲೆ ಮುಂದೆ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ತಿಪಟೂರಿನ ಒಂದು ಮದುವೆಯಲ್ಲಿ ನಾನು ಹುಳಿ ಇಟ್ಟ ಕೊಪ್ಪರಿಗೆ ಎಷ್ಟು ಅಗಲ ಅಂದರೆ, ಈ ದಡದಲ್ಲಿ ಹಾಕಿದ ಉಪ್ಪು ಆ ದಡ ಮುಟ್ಟಲು ಅರ್ಧ ಗಂಟೆ ಬೇಕಿತ್ತು. ಅರಸೀಕೆರೆಯಲ್ಲಿ ನನ್ನ ಸಾರಿನ ಒಗ್ಗರಣೆಗೆ ಮೈಲು ದೂರದಲ್ಲಿ ರೈಲು ನಿಂತಿದೆ. ಸಿಗ್ನಲ್ ಕೆಟ್ಟಿತ್ತು ಅಂತ ರೈಲ್ವೆಯವರು ಹೇಳಿದರು. ಅವರು ಬೇರೇನು ತಾನೇ ಹೇಳುತ್ತಾರೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು, ನನ್ನ ಹೆಂಡತಿ ಸಿಡ್ನಿಗೆ ಬಂದೆವು. ಮಗಳು ಅಲ್ಲಿ ಅಕೌಂಟೆಂಟು, ಅಳಿಯ ಎಂಜಿನಿಯರು. ಆಗ ಊರಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದರೂ ಒಂದು ಸ್ಕೂಲ್ ಹಾಲ್ ತುಂಬುವಷ್ಟೇ. ಎಲ್ಲರೂ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಯುಗಾದಿಗೆ ಒಂದು ಊಟ, ದೀಪಾವಳಿಗೆ ಒಂದು ಊಟ. ನಾನು ಬರುವ ಮುಂಚೆ ಆ ಊಟ ಅಂದರೆ ಒಬ್ಬರು ಪಲಾವ್ ತರುವುದು, ಇನ್ನೊಬ್ಬರು ಪಲಾವ್ ತರುವುದು, ಮೂರನೆಯವರು ತಡವಾಗಿ ಬಂದು, "ಅಯ್ಯೋ, ನಾವೂ ಪಲಾವೇ ತಂದ್ವಿ" ಅನ್ನುವುದು. ನಾನು ಬಂದ ಮೇಲೆ ಅವರ ನಾಲಿಗೆಗೆ ಜೀವ ಬಂತು. ಅದರಲ್ಲೂ ನನ್ನ ದೀಪಾವಳಿ ಕಜ್ಜಾಯಕ್ಕೆ ಮೆಲ್ಬರ್ನ್‌ನಿಂದ ಕಾರು ಓಡಿಸಿಕೊಂಡು ಬಂದವರಿದ್ದಾರೆ.

ಐದು ಕಾರಿನ ಕೀ

ಅಂಥ ಒಂದು ದೀಪಾವಳಿ ಊಟದ ಬೆಳಗ್ಗೆ. ಸ್ಕೂಲ್ ಹಾಲ್‌ನ ಅಡುಗೆಮನೆಯಲ್ಲಿ ಕಜ್ಜಾಯದ ಹಿಟ್ಟು ತಟ್ಟುತ್ತಿದ್ದೆ. ಎಣ್ಣೆ ಡಬ್ಬ ಬಿಚ್ಚಿಟ್ಟಿದ್ದೆ, ಬಾಣಲೆ ಇನ್ನೂ ಒಲೆಗೆ ಏರಿರಲಿಲ್ಲ. ನನಗೆ ನೆನಪಿರುವುದು ಅಷ್ಟೇ. ಫಿಟ್ಸ್ ಬಂದು ಬಿದ್ದೆ. ಮುಂದಿನದು ಅಳಿಯ ಹೇಳಿದ ಕಥೆ.

ಯಾರೋ ಕೂಗಿದರಂತೆ, "ಕೈಗೆ ಕಬ್ಬಿಣ ಕೊಡಿ, ಕಬ್ಬಿಣ." ಆಸ್ಟ್ರೇಲಿಯಾದ ಸ್ಕೂಲಿನಲ್ಲಿ ಕಬ್ಬಿಣ ಎಲ್ಲಿಂದ ತರುವುದು? ಕುರ್ಚಿ ಪ್ಲಾಸ್ಟಿಕ್ಕು, ಕಿಟಕಿ ಅಲ್ಯೂಮಿನಿಯಮ್ಮು. ಒಬ್ಬರು ಸೌಟು ತಂದರೆ, ಲೋಹದ ವಿಷಯದಲ್ಲೇ ಓದಿದ ಇನ್ನೊಬ್ಬರು ತಡೆದು, "ಇದು ಸ್ಟೇನ್‌ಲೆಸ್ ಸ್ಟೀಲು ಕಣ್ರೀ. ಕಬ್ಬಿಣ ಇದೆ, ಆದ್ರೆ ಪರ್ಸೆಂಟೇಜ್ ಕಮ್ಮಿ" ಅಂದರಂತೆ. ಕೊನೆಗೆ ಒಬ್ಬರು ತಮ್ಮ ಕಾರಿನ ಕೀ ಕೊಟ್ಟರು. ಅದನ್ನು ನೋಡಿ ಇನ್ನೊಬ್ಬರು. ಒಟ್ಟು ಐದು ಜನ, ಐದು ಕೀಗೊಂಚಲು, ಎಲ್ಲ ನನ್ನ ಬಲಗೈಲಿ. ನಲವತ್ತು ವರ್ಷ ಸೌಟು ಹಿಡಿದ ಮುಷ್ಟಿ ಅದು. ಒಂದು ಸಲ ಮುಚ್ಚಿದರೆ ನಾನಾಗಿ ಬಿಡುವ ತನಕ ಯಾರಪ್ಪನಿಗೂ ತೆರೆಯಲು ಆಗದು.

ಆಂಬುಲೆನ್ಸ್ ಬಂತು. ಗೇಟಿನ ಮುಂದೆ ಐದು ಕಾರು ಅಡ್ಡ ನಿಂತಿವೆ. ತೆಗೆಯಿರಿ ಅಂದರೆ ಐವರೂ ನನ್ನ ಮುಷ್ಟಿ ನೋಡಿದರಂತೆ. ಆಂಬುಲೆನ್ಸ್‌ನವರು ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಸ್ಟ್ರೆಚರ್ ಹೊತ್ತುಕೊಂಡು ಓಡಿ ಬಂದರು. ನನ್ನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಕೈಗೂ ಏನೂ ಕೊಡಬೇಡಿ, ಬಾಯಿಗೂ ಏನೂ ಹಾಕಬೇಡಿ, ತಲೆ ಕೆಳಗೆ ಮೆತ್ತಗಿನದು ಏನಾದರೂ ಇಟ್ಟು ಎಷ್ಟು ನಿಮಿಷ ಆಯಿತು ಅಂತ ಗಡಿಯಾರ ನೋಡಿಕೊಳ್ಳಿ ಅಂತ ಎಲ್ಲರಿಗೂ ಹೇಳಿದರು. ಅಷ್ಟು ಹೊತ್ತಿಗೆ ನನಗೆ ಎಚ್ಚರವಾಗಿ ಮುಷ್ಟಿ ಸಡಿಲಾಯಿತು. ಕೀಗೊಂಚಲುಗಳು ಒಂದೊಂದಾಗಿ ನೆಲಕ್ಕೆ ಉದುರಿದವು. ಆಂಬುಲೆನ್ಸ್‌ನವನು ಅವನ್ನು ನೋಡಿ ಅಳಿಯನನ್ನು ಗಂಭೀರವಾಗಿ ಕೇಳಿದ, "ಇದರಲ್ಲಿ ಇವರ ಕಾರು ಯಾವುದು? ಡಾಕ್ಟರು ಹೇಳೋ ತನಕ ಇವರು ಓಡಿಸೋ ಹಾಗಿಲ್ಲ."

ಅಳಿಯ ಅಂದ, "ಅವರಿಗೆ ಸೈಕಲ್ಲೂ ಬರಲ್ಲ."

ಒಂದು ವರ್ಷದ ಪಥ್ಯ

ನಮ್ಮ ಡಾಕ್ಟರಮ್ಮ ಆಸ್ಟ್ರೇಲಿಯಾದವರು, ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಕ್ಲಿನಿಕ್ಕು. ತೆಳ್ಳಗಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. ದೊಡ್ಡಾಸ್ಪತ್ರೆಯ ತಲೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನನಗೆ ತಿನ್ನಿಸುವ ಜವಾಬ್ದಾರಿ ಅವರದು. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು, ನಡುವೆ ಮಗಳು. ನಾನು ಹತ್ತು ಮಾತು ಆಡಿದರೆ ಅವಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಿದ್ದಳು. ತಿಪಟೂರಿನ ಕೊಪ್ಪರಿಗೆಯ ಕಥೆ ಪೂರ್ತಿ ಹೇಳಿದೆ. ಮಗಳು, "ಹಿ ಈಸ್ ಎ ಕುಕ್" ಅಂದಳು. ಅಷ್ಟೇ.

ಬೆಳಗ್ಗೆ ಎಂಟಕ್ಕೆ ಒಂದು, ಸಂಜೆ ಎಂಟಕ್ಕೆ ಒಂದು. ತಪ್ಪಿಸಬಾರದು, ನಮ್ಮಷ್ಟಕ್ಕೆ ನಿಲ್ಲಿಸಬಾರದು, ಬೇರೆಯವರಿಗೆ ಕೊಡಬಾರದು. ಬೇರೆ ಔಷಧಿ, ಊರಿಂದ ತಂದ ಲೇಹ್ಯ, ಕಷಾಯ ಏನೇ ಆದರೂ ಕೇಳದೆ ತಿನ್ನಬಾರದು. ಬಾತ್‌ರೂಮಿಗೆ ಚಿಲಕ ಹಾಕಬಾರದು, ಏಣಿ ಹತ್ತಬಾರದು. ಎಲ್ಲದಕ್ಕೂ ತಲೆ ಆಡಿಸಿದೆ. ಆಮೇಲೆ ಬಂತು ನೋಡಿ, "ಫಿಟ್ಸ್ ಬರದೆ ಒಂದು ವರ್ಷ ಕಳೆಯುವ ತನಕ ಒಲೆ, ಕಾದ ಎಣ್ಣೆ ಹತ್ತಿರ ಹೋಗಬಾರದು."

ನಾನು ತಲೆ ಆಡಿಸುವುದನ್ನು ನಿಲ್ಲಿಸಿದೆ. "ನಾನು ಕಾದ ಎಣ್ಣೆಗೆ ಬೆರಳದ್ದಿ ಹದ ನೋಡಿದವನು ಅಂತ ಹೇಳು" ಅಂದೆ. ಮಗಳು ಹೇಳಲಿಲ್ಲ. ನನ್ನ ಹೆಂಡತಿ ಮೆತ್ತಗೆ ಅಂದಳು, "ಅವತ್ತು ಇನ್ನೈದು ನಿಮಿಷ ಬಿಟ್ಟು ಬಿದ್ದಿದ್ರೆ ಬಾಣ್ಲೆ ಒಲೆ ಮೇಲಿರ್ತಿತ್ತು." ಆ ಮಾತು ಈಗ ನೆನೆದರೂ ಬೆನ್ನು ತಣ್ಣಗಾಗುತ್ತದೆ.

ಒಲೆ ಇಲ್ಲದ ಅಡುಗೆಯವನು ಅಂದರೆ ಏನು ಹೇಳಲಿ. ಬೆಳಗ್ಗೆ ಎದ್ದರೆ ಕೈಗಳನ್ನು ಎಲ್ಲಿ ಇಡುವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ವರ್ಷ ತುಂಬಲಿ, ಮತ್ತೆ ಹಾಲ್‌ನಲ್ಲಿ ಬಾಣಲೆ ಏರಿಸುತ್ತೇನೆ ಅಂತ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯಲು ಶುರು ಮಾಡಿದೆ.

ಹೊರಡುವಾಗ ಡಾಕ್ಟರಮ್ಮ ಕೇಳಿದರು, "ಹಾಗಾದರೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

"ನಾನು ಮಾಡ್ತೀನಿ" ಅಂದಳು ಮಗಳು.

ನಾನು ಕೇಳಿದೆ, "ಅದಕ್ಕೂ ಏನಾದ್ರೂ ಮಾತ್ರೆ ಇದೆಯಾ ಅಂತ ಕೇಳಮ್ಮ." ಆ ಮಾತನ್ನೂ ಅವಳು ಇಂಗ್ಲಿಷ್ ಮಾಡಲಿಲ್ಲ.

ಸೋಮವಾರದ ರಾಹು

ಕೆಮಿಸ್ಟ್ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟಿದ್ದ. ವಾರಕ್ಕೆ ಏಳು ಮನೆ, ಒಂದೊಂದರಲ್ಲೂ ಬೆಳಗ್ಗೆಗೊಂದು ಸಂಜೆಗೊಂದು ಗೂಡು. ಮಗಳು ಭಾನುವಾರ ತುಂಬಿಸಿಡುತ್ತಿದ್ದಳು. ನಾನು ಗಡಿಯಾರ ಎಂಟು ಹೊಡೆಯುವುದಕ್ಕೆ ಸರಿಯಾಗಿ ನುಂಗುತ್ತಿದ್ದೆ. ಒಂದೇ ಒಂದು ತೊಡಕು. ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ರಾಹುಕಾಲದಲ್ಲಿ ಔಷಧಿ ತೆಗೆದುಕೊಂಡು ಉದ್ಧಾರವಾದವರು ಯಾರಾದರೂ ಇದ್ದಾರಾ? ಒಂಬತ್ತಾಗಲಿ ಅಂತ ಬಿಡುತ್ತಿದ್ದೆ. ಒಂಬತ್ತಕ್ಕೆ ಮಗಳು ಅಳಿಯ ಕೆಲಸಕ್ಕೆ ಹೋಗಿರುತ್ತಿದ್ದರು, ನಾನು ಸ್ಟೇಷನ್ ಹತ್ತಿರ ಫಿಜಿಯಿಂದ ಬಂದ ಭಾರತೀಯನ ದಿನಸಿ ಅಂಗಡಿಗೆ ಹೋಗಿ ಅವನ ಬೆಲ್ಲಕ್ಕೆ ಹೆಸರಿಡುತ್ತಾ ನಿಂತಿರುತ್ತಿದ್ದೆ. ಮಾತ್ರೆ ಮರೆತೇ ಹೋಗುತ್ತಿತ್ತು.

ಮಾರ್ಚಿ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಮತ್ತೆ ಬಿದ್ದೆ. ನನ್ನ ವರ್ಷ ಅಲ್ಲಿಗೆ ಅಳಿಸಿಹೋಯಿತು. ಕ್ಯಾಲೆಂಡರಿನ ಅಷ್ಟೂ ಗೀಟು ವ್ಯರ್ಥ.

"ಮಾತ್ರೆ ತಪ್ಪಿಸಿದ್ರಾ?" ಅಂತ ಡಾಕ್ಟರಮ್ಮ ಕೇಳಿದರು.

"ನಾನಾ? ಜನ್ಮದಲ್ಲಿ ಇಲ್ಲ" ಅಂದೆ, ಎದೆ ಉಬ್ಬಿಸಿ.

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು, ಪ್ರಶ್ನೆಯೂ ಉತ್ತರವೂ ಸರಿಯಾಗಿ ಕಿವಿಗೆ ಬಿದ್ದಿರಲಿಲ್ಲ. ಮಾತ್ರೆಯ ವಿಷಯ ನಡೆಯುತ್ತಿದೆ ಅಂತ ಮಾತ್ರ ಗೊತ್ತಾಯಿತು. ಬ್ಯಾಗಿನಿಂದ ಒಂದು ಕುಂಕುಮದ ಭರಣಿ ತೆಗೆದು ಮೇಜಿನ ಮೇಲಿಟ್ಟಳು. "ಪಾಪ, ದುಬಾರಿ ಮಾತ್ರೆ. ಇವರು ಬಿಟ್ಟಿದ್ದನ್ನ ನಾನು ಎಸೀದೆ ಜೋಪಾನವಾಗಿ ಇಟ್ಟಿದೀನಿ. ವಾಪಸ್ ತಗೋತಾರಾ ಕೇಳು" ಅಂತ ಮಗಳಿಗೆ ಹೇಳಿದಳು. ಭರಣಿಯಲ್ಲಿ ಹದಿನಾಲ್ಕು ಮಾತ್ರೆ, ಎಲ್ಲವೂ ಸೋಮವಾರದ್ದೇ, ಎಲ್ಲವೂ ಕೆಂಪಗೆ.

ಆಗ ರಾಹುವಿನ ಕಥೆ ಹೊರಬಿತ್ತು. ಮಗಳು ಅವತ್ತು ಮಾತ್ರ ಒಂದಕ್ಷರ ಬಿಡದೆ ಇಂಗ್ಲಿಷ್ ಮಾಡಿದಳು. ಡಾಕ್ಟರಮ್ಮ ನಗಲಿಲ್ಲ. ಪೆನ್ನು ಹಿಡಿದು ಕೇಳಿದರು, "ಸೋಮವಾರ ಏಳು ಗಂಟೆ ಹೇಗೆ?"

"ಏಳು ಗಂಟೆ ಒಳ್ಳೇದು."

"ಉಳಿದ ದಿನ ಏಳು?"

"ಎಲ್ಲಾ ದಿನ ಒಳ್ಳೇದು."

"ಹಾಗಾದರೆ ದಿನಾ ಏಳಕ್ಕೆ ಏಳಕ್ಕೆ. ಮುಗೀತು."

ನಲವತ್ತು ವರ್ಷ ಪಂಚಾಂಗ ನೋಡಿದ ನನಗೆ ಹೊಳೆಯದ್ದು ಪಂಚಾಂಗವೇ ನೋಡದ ಹೆಂಗಸಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು. ಆ ವಾರವೇ ನಮ್ಮ ಕನ್ನಡದ ಒಬ್ಬ ಆಂಟಿ ಮಂಡಿನೋವು ಅಂತ ಅವರ ಹತ್ತಿರ ಹೋಗಿದ್ದರಂತೆ. ಮಂಡಿ ಮುಟ್ಟುವ ಮೊದಲೇ ಡಾಕ್ಟರಮ್ಮ ಕೇಳಿದರಂತೆ, "ನಿಮಗೆ ಯಾವ ದಿನ, ಎಷ್ಟು ಗಂಟೆಗೆ ಆಗಿಬರಲ್ಲ? ಮೊದಲೇ ಹೇಳಿಬಿಡಿ."

ಮೆಲ್ಬರ್ನ್‌ನ ಬೀಗರು

ಆ ಚಳಿಗಾಲದಲ್ಲಿ ಮೆಲ್ಬರ್ನ್‌ನಲ್ಲಿದ್ದ ಮಗನ ಮನೆಗೆ ಒಂದು ತಿಂಗಳು ಹೋದೆವು. ಸೊಸೆಯ ತಂದೆ, ಅಂದರೆ ನನ್ನ ಬೀಗರು, ಮೈಸೂರಿನ ರಿಟೈರ್ಡ್ ಪ್ರೊಫೆಸರು, ಅವರೂ ಅಲ್ಲೇ ಬಂದು ಇದ್ದರು. ಭಾರಿ ಓದಿದವರು. ಸಕ್ಕರೆ ಕಾಯಿಲೆ. ಕಾಫಿಗೆ ಸಕ್ಕರೆ ಬದಲು ಸಣ್ಣ ಬಿಳಿ ಸಿಹಿ ಗುಳಿಗೆ ಹಾಕಿಕೊಳ್ಳುತ್ತಿದ್ದರು.

ನನ್ನ ಮಾತ್ರೆ ಸೀಸೆಗೆ ಒಂದು ವಿಚಿತ್ರ ಮುಚ್ಚಳ ಇತ್ತು. ಅದುಮಬೇಕು, ತಿರುಗಿಸಬೇಕು, ಎರಡೂ ಒಟ್ಟಿಗೆ. ನಾನು ಹಲ್ಲಿನಿಂದ ಎಣ್ಣೆ ಟಿನ್ ಬಿಚ್ಚಿದವನು, ಆ ಮುಚ್ಚಳಕ್ಕೆ ಸೋತೆ. ಪ್ರಯಾಣಕ್ಕೆ ಯಾಕೆ ರಗಳೆ ಅಂತ ಮಾತ್ರೆಗಳನ್ನೆಲ್ಲ ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ಸುರಿದುಕೊಂಡಿದ್ದೆ. ಮಗನ ಮದುವೆಯಲ್ಲಿ ತಾಂಬೂಲದ ಜೊತೆ ಹಂಚಿದ ಡಬ್ಬಿ ಅದು, ಮುಚ್ಚಳದ ಮೇಲೆ ಗಂಡು ಹೆಣ್ಣಿನ ಹೆಸರು ಕೊರೆಸಿದ್ದು. ಬೀಗರೂ ಅದೇ ಮದುವೆಗೆ ಬಂದವರಲ್ಲವೇ. ಅವರ ಸಿಹಿ ಗುಳಿಗೆ ಇದ್ದದ್ದೂ ಅಂಥದ್ದೇ ಡಬ್ಬಿಯಲ್ಲಿ. ನನ್ನ ಮಾತ್ರೆಯೂ ಸಣ್ಣದೇ, ಬಿಳಿಯದೇ.

ಒಲೆ ಕೂಡದು, ಆದರೆ ಕರೆಂಟಿನ ಕೆಟಲ್‌ಗೆ ಪರ್ಮಿಷನ್ ಇತ್ತು. ಹಾಗಾಗಿ ಫಿಲ್ಟರ್ ಕಾಫಿ ನನ್ನ ಪಾಲಿಗೆ ಉಳಿದ ಒಂದೇ ರಾಜ್ಯ. ಒಂದು ಬೆಳಗ್ಗೆ ಏಳಕ್ಕೆ ನಾನು ಮಾತ್ರೆ ಬಾಯಿಗೆ ಹಾಕಿಕೊಂಡೆ. ಸಿಹಿ! ನನ್ನ ಕೈಗುಣಕ್ಕೆ ಔಷಧಿಯೂ ಸಿಹಿಯಾಯಿತು ಅಂತ ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ. ಆ ಕಡೆ ಬೀಗರು ಎರಡು ಗುಳಿಗೆ ಹಾಕಿ ಕಲಕಿ, ಕುಡಿದು, ಮುಖ ಹಿಂಡಿದರು.

"ಬೀಗರೇ, ಇವತ್ತು ಡಿಕಾಕ್ಷನ್ ಕೆಟ್ಟಿದೆ. ಕಹಿ."

ನನ್ನ ಜೀವಮಾನದಲ್ಲಿ ನನ್ನ ಕಾಫಿಗೆ ಯಾರೂ ಆ ಮಾತು ಅಂದಿರಲಿಲ್ಲ. "ಕಾಫಿ ಸರಿಯಾಗಿದೆ, ನಿಮ್ಮ ನಾಲಿಗೆ ಕೆಟ್ಟಿದೆ" ಅಂದೆ. ಅವರು ಇನ್ನೆರಡು ಹಾಕಿದರು. ಮತ್ತೂ ಕಹಿ. ಹೆಣ್ಣು ಕೊಟ್ಟ ಮನೆ, ಮರ್ಯಾದೆಗೆ ಪೂರ್ತಿ ಕುಡಿದರು.

ಹತ್ತು ಗಂಟೆಗೆ ಬೀಗರು ಸೋಫಾದಿಂದ ಎದ್ದರು, ಗೋಡೆ ಕಡೆಗೆ ನಡೆದರು, ಗೋಡೆಗೆ "ಸಾರಿ" ಅಂದರು. ಮಾತು ತೊದಲುತ್ತಿತ್ತು. ಸೊಸೆ ಗಾಬರಿಯಾಗಿ ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಲ್ಕೇ ಆದ್ದರಿಂದ ಭಯವಿಲ್ಲ, ಸಂಜೆ ತನಕ ನೋಡಿ ಕಳಿಸುತ್ತೇವೆ ಅಂದರು. ನಾನು ತಪ್ಪಿಸಿದ್ದಕ್ಕೆ ಏನು ಮಾಡುವುದು ಅಂತ ಮಗ ಕೇಳಿದ. ಅಲ್ಲಿನ ಡಾಕ್ಟರು ವೇಳೆ ನೋಡಿ, ಬೆಳಗಿನದನ್ನು ಈಗಲೇ ಕೊಡಿ, ಆದರೆ ಹೊತ್ತು ಮೀರಿದ್ದರೆ ಬಿಟ್ಟುಬಿಡಬೇಕು, ಯಾವತ್ತೂ ಎರಡು ಸೇರಿಸಿ ನುಂಗಬಾರದು ಅಂದರು. ಇನ್ನು ಮೇಲೆ ಮಾತ್ರೆ ಅದರದೇ ಸೀಸೆಯಲ್ಲಿ, ಹೆಸರು ಅಂಟಿಸಿದ ಸೀಸೆಯಲ್ಲಿ ಇರಬೇಕು, ಮುಚ್ಚಳ ಬಾರದಿದ್ದರೆ ಕೆಮಿಸ್ಟ್‌ಗೆ ಹೇಳಿದರೆ ಸುಲಭದ ಮುಚ್ಚಳ ಕೊಡುತ್ತಾನೆ ಅಂತಲೂ ಹೇಳಿದರು. ಸುಲಭದ ಮುಚ್ಚಳ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ ಅನ್ನಿ.

ಸಂಜೆ ಬೀಗರನ್ನು ಕಾರಿಗೆ ಹತ್ತಿಸುವಾಗ ನಾನು ಕೈ ಮುಗಿದೆ. "ತಪ್ಪಾಯ್ತು ಬೀಗರೇ."

ಅವರು ಕಾರಿನ ಬಾಗಿಲು ಹಿಡಿದು ನಿಂತು ಅಂದರು, "ಮಗಳನ್ನ ನಿಮ್ಮನೆಗೆ ಕೊಟ್ಟಾಗ್ಲೂ ನನಗೆ ಇಷ್ಟು ತಲೆ ತಿರುಗಿರ್ಲಿಲ್ಲ ಬೀಗರೇ."

ನನ್ನ ಮೊದಲ ಪರೀಕ್ಷೆ

ದಿನಗಳು ಕಳೆದವು, ಫಿಟ್ಸ್ ಬರಲಿಲ್ಲ. ಮಾರ್ಚಿಗೆ ವರ್ಷ ತುಂಬುತ್ತದೆ, ಆಮೇಲೆ ಯುಗಾದಿ. ಯುಗಾದಿ ಊಟಕ್ಕೆ ನಾನೇ ನಿಲ್ಲುತ್ತೇನೆ ಅಂತ ಊಟ ಏರ್ಪಡಿಸುವ ಸಮಿತಿಯವರಿಗೆ ಮಾತು ಕೊಟ್ಟಾಗಿತ್ತು. ಆದರೆ ಫೆಬ್ರವರಿಯಲ್ಲಿ ನನಗೆ ಒಂದು ಬುದ್ಧಿ ಬಂತು. ಮಾತ್ರೆ ತಿಂದರೆ ಮಧ್ಯಾಹ್ನ ತೂಕಡಿಕೆ ಬರುತ್ತಿತ್ತು, ನಾಲಿಗೆ ಮಂದವಾದ ಹಾಗೆ ಅನಿಸುತ್ತಿತ್ತು. ಅಡುಗೆಯವನ ನಾಲಿಗೆ ಮಂದವಾದರೆ ಉಳಿದದ್ದೇನು? ಫಿಟ್ಸ್ ಹೇಗೂ ಹೆದರಿ ಓಡಿದೆ, ಅರ್ಧ ಸಾಕು ಅಂತ ತೀರ್ಮಾನ ಮಾಡಿದೆ. ಈಳಿಗೆ ಮಣೆಯಲ್ಲಿ ಮಾತ್ರೆಯನ್ನು ಸರಿಯಾಗಿ ಎರಡು ಮಾಡುತ್ತಿದ್ದೆ. ಸಾಸಿವೆ ಕಾಳನ್ನೇ ಹೋಳು ಮಾಡಿದ ಕೈ, ಮಾತ್ರೆ ಯಾವ ಲೆಕ್ಕ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಫೋನ್ ಮಾಡಿಸಿದರು. ವರ್ಷ ತುಂಬುತ್ತಿದೆ, ರಕ್ತ ಪರೀಕ್ಷೆ ಮಾಡಿ ಮಾತ್ರೆ ಎಷ್ಟಿದೆ ಅಂತ ನೋಡೋಣ, ಆಮೇಲೆ ಒಲೆಯ ಮಾತು. ಬರುವ ಶುಕ್ರವಾರ. ಆವತ್ತು ಬೆಳಗಿನ ಮಾತ್ರೆ ನುಂಗದೆ ಬರಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು.

ಪರೀಕ್ಷೆ ಅನ್ನುವ ಶಬ್ದ ಕೇಳಿಯೇ ನನಗೆ ಹೆದರಿಕೆಯಾಯಿತು. ಜೀವಮಾನದಲ್ಲಿ ಒಂದು ಪರೀಕ್ಷೆಗೂ ಕೂತವನಲ್ಲ. ಆದರೆ ಓದಿದವರ ಮನೆಯಲ್ಲಿ ಇದ್ದೇನಲ್ಲ, ಪರೀಕ್ಷೆಗೆ ಮುಂಚೆ ಏನು ಮಾಡುತ್ತಾರೆ ಅಂತ ನೋಡಿದ್ದೇನೆ. ವರ್ಷವೆಲ್ಲ ಬಿಟ್ಟದ್ದನ್ನು ಕೊನೆಯ ಮೂರು ದಿನ ಕೂತು ತುರುಕುತ್ತಾರೆ. ನಾನೂ ಮಂಗಳವಾರದಿಂದ ತುರುಕಿದೆ. ಒಂದರ ಜಾಗದಲ್ಲಿ ಎರಡು. ಶುಕ್ರವಾರ ಬೆಳಗ್ಗೆ ಮನೆಯವರು ಏಳುವ ಮೊದಲೇ, ಯಾವುದಕ್ಕೂ ಇರಲಿ ಅಂತ ನಾಲ್ಕು.

ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಇಬ್ಬರು ಡಾಕ್ಟರಮ್ಮ ಕೂತಿದ್ದರು, ಇಬ್ಬರದೂ ಒಂದೇ ಮುಖ. ನನಗೆ ಸಂತೋಷವಾಯಿತು. ಪರೀಕ್ಷೆ ದೊಡ್ಡದು, ಅದಕ್ಕೇ ಅವಳಿ ತಂಗಿಯನ್ನೂ ಕರೆಸಿದ್ದಾರೆ ಅಂದುಕೊಂಡು ಇಬ್ಬರಿಗೂ ಬೇರೆ ಬೇರೆ ನಮಸ್ಕಾರ ಮಾಡಿದೆ. ಕುರ್ಚಿಯೂ ಎರಡಿತ್ತು. ನಾನು ಇಲ್ಲದ ಕುರ್ಚಿ ಮೇಲೆ ಕೂತೆ.

ನೆಲದಿಂದ ಎತ್ತಿ ಕೂರಿಸಿ, ರಕ್ತ ತೆಗೆದು, ನೇರ ಆಸ್ಪತ್ರೆಗೆ ಕಳಿಸಿದರು. ಮರುದಿನ ಮಧ್ಯಾಹ್ನದ ತನಕ ಅಲ್ಲಿ ಮಲಗಿದ್ದೆ. ಹೆಂಡತಿ ಪಕ್ಕದಲ್ಲಿ ಕೂತು ನನ್ನ ಹೊದಿಕೆ ಸರಿಮಾಡುತ್ತಲೇ ಇದ್ದಳು. ಅವಳು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಸೋಮವಾರ ಡಾಕ್ಟರಮ್ಮ ಕಾಗದ ಹಿಡಿದು ಕೂತರು, ಒಬ್ಬರೇ. "ಇಷ್ಟಿರಬೇಕು" ಅಂತ ಒಂದು ಗೆರೆ ತೋರಿಸಿದರು. "ನಿಮ್ಮದು ಇಲ್ಲಿದೆ" ಅಂತ ಬೆರಳನ್ನು ಕಾಗದದಿಂದ ಹೊರಗೆ, ಮೇಜಿನ ಮೇಲೆ ಇಟ್ಟರು.

"ಅಂದ್ರೆ ಬೇಕಾದ್ದಕ್ಕಿಂತ ಜಾಸ್ತಿ ಮಾರ್ಕ್ಸ್" ಅಂದೆ.

"ಜಾಸ್ತಿ ಬಂದರೂ ಫೇಲು" ಅಂದರು. ಅರ್ಧ ಮಾತ್ರೆಯ ಕಥೆ ಕೇಳಿದ ಮೇಲೆ ಅವರಿಗೆ ನಿಜಕ್ಕೂ ಬೇಜಾರಾಯಿತು. "ತೂಕಡಿಕೆ ಬಂದರೆ ನನಗೆ ಹೇಳಬೇಕು. ಕಮ್ಮಿ ಮಾಡೋದು, ಬದಲಾಯಿಸೋದು ನನ್ನ ಕೆಲಸ. ನಿಮ್ಮ ಸಾರಿಗೆ ನಾನು ಬಂದು ಉಪ್ಪು ಹಾಕಿದರೆ ಬಿಡ್ತೀರಾ?"

ಆ ಮಾತು ನನಗೆ ತಟ್ಟಿತು. ಇಂಗ್ಲಿಷಿನಲ್ಲಿ ಹೇಳಿದ್ದರೂ ಅಡುಗೆಮನೆಯ ಭಾಷೆ. ತಲೆ ಡಾಕ್ಟರನ್ನು ಕೇಳಿ ಮಾತ್ರೆಯ ಪ್ರಮಾಣ ಸ್ವಲ್ಪ ಬದಲಾಯಿಸಿದರು, ತೂಕಡಿಕೆ ನಿಂತಿತು. ಆದರೆ ಒಲೆಯ ಮಾತು ಮತ್ತೆ ಆರು ತಿಂಗಳು ಮುಂದಕ್ಕೆ ಹೋಯಿತು.

ಆ ಯುಗಾದಿಗೆ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಅತಿಥಿಯ ಹಾಗೆ ಕೂತೆ. ಒಬ್ಬರು ಪಲಾವ್ ತಂದರು. ಇನ್ನೊಬ್ಬರೂ ಪಲಾವ್ ತಂದರು. ಸಮಿತಿಯ ಅಧ್ಯಕ್ಷರು ಬಂದು, "ಅಂಕಲ್, ಪರೀಕ್ಷೆ ಏನಾಯ್ತು?" ಅಂತ ಕೇಳಿದರು.

ನಾನು ಅಂದೆ, "ಪೇಪರ್ ಹಿಡೀಲಿಲ್ಲ, ಅಷ್ಟು ಬಂದಿದೆ."

ಕಜ್ಜಾಯಕ್ಕೆ ಚೀಟಿ

ಆರು ತಿಂಗಳು ನಾನು ಮಾತ್ರೆ ನುಂಗಿದ ರೀತಿಯನ್ನು ನೋಡಿದ್ದರೆ ಆ ಏಳು ಗಂಟೆಗೇ ನಾಚಿಕೆಯಾಗುತ್ತಿತ್ತು. ಒಂದು ನಿಮಿಷ ಹಿಂದಿಲ್ಲ, ಒಂದು ನಿಮಿಷ ಮುಂದಿಲ್ಲ. ಸರ್ಕಾರದವರು ಬೇಸಿಗೆ ಬಂತು ಅಂತ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿದಾಗಲೂ ನಾನು ಅಲುಗಲಿಲ್ಲ. ಹೊಸ ಏಳೋ, ಹಳೇ ಏಳೋ ಅಂತ ಡಾಕ್ಟರಮ್ಮನಿಗೆ ಫೋನ್ ಮಾಡಿಸಿ ಕೇಳಿಯೇ ನುಂಗಿದೆ. ರಕ್ತ ಪರೀಕ್ಷೆಯಲ್ಲಿ ನನ್ನ ಗೆರೆ ಇರಬೇಕಾದ ಕಡೆಯೇ ಇತ್ತು.

"ಒಲೆ?" ಅಂದೆ. ಆ ಒಂದು ಶಬ್ದ ಅವರಿಗೂ ಬರುತ್ತಿತ್ತು ಅಷ್ಟು ಹೊತ್ತಿಗೆ.

ಡಾಕ್ಟರಮ್ಮ ಬೆರಳು ಮಡಿಸುತ್ತಾ ಷರತ್ತು ಹೇಳಿದರು. ದೀಪಾವಳಿಗೆ ಮಾಡಬಹುದು. ಬಾಣಲೆ ಹಿಂದಿನ ಒಲೆ ಮೇಲೆ ಇರಬೇಕು. ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಪೂರ್ತಿ ಹೊತ್ತು ನಿಂತಿರಬೇಕು. ಮೈ ಸರಿ ಇಲ್ಲ ಅನಿಸಿದರೆ ತಕ್ಷಣ ಗ್ಯಾಸ್ ಆರಿಸಬೇಕು. ನಾನು ಅವರನ್ನೂ ಊಟಕ್ಕೆ ಕರೆದೆ. ಬರುತ್ತೇನೆ ಅಂದರು.

ಪಕ್ಕದಲ್ಲಿ ನಿಲ್ಲುವ ಕೆಲಸ ಅಳಿಯನ ಪಾಲಿಗೆ ಬಂತು. ಎಂಜಿನಿಯರಲ್ಲವೇ, ಸುಮ್ಮನೆ ನಿಲ್ಲಲಿಲ್ಲ. ನಾನು ಮುಗ್ಗರಿಸಿದರೆ ಹಿಂದಕ್ಕೆ ಎಳೆಯಲು ಅಂತ ನನ್ನ ಪಂಚೆಯ ಮೇಲೆ ಸೊಂಟಕ್ಕೆ ಒಂದು ಟವೆಲ್ ಬಿಗಿದು, ಅದರ ತುದಿಯನ್ನು ಮೂರು ಗಂಟೆ ಹೊತ್ತು ಹಿಡಿದುಕೊಂಡಿದ್ದ. ನಾನು ಎಡಕ್ಕೆ ಹೋದರೆ ಅವನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಮಿತಿಯವರೊಬ್ಬರು ಇಣುಕಿ, "ಅಂಕಲ್‌ನ ಮೇಯೋಕೆ ಬಿಟ್ಟಿದೀರಾ?" ಅಂತ ಕೇಳಿದರು. ಕಟ್ಟಿಹಾಕಿಸಿಕೊಂಡೇ ಐನೂರು ಕಜ್ಜಾಯ ಕರಿದೆ. ಐನೂರಕ್ಕೆ ಒಂದು ಕಮ್ಮಿ ಇದ್ದರೆ ಕೇಳಿ. ಮೊದಲನೆಯದು ಎಣ್ಣೆಯಲ್ಲಿ ಉಬ್ಬಿ ಮೇಲೆ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಅಂತ ಹೇಳಿದೆ. ಅಳಿಯ ಒಳ್ಳೆಯವನು, ಒಪ್ಪಿಕೊಂಡ.

ಊಟಕ್ಕೆ ಎಲೆ ಹಾಕಿದರು. ಡಾಕ್ಟರಮ್ಮ ಸಾಲಿನ ತುದಿಯಲ್ಲಿ ಕೂತಿದ್ದರು. ನಾನೇ ಬಡಿಸಲು ಹೋದೆ, ಮಗಳು ಜೊತೆಯಲ್ಲಿ. ಒಂದು ಕಜ್ಜಾಯ ಹಾಕಿದೆ. ತಿಂದು ಕಣ್ಣು ಮುಚ್ಚಿದರು. ಇನ್ನೊಂದು ಹಾಕಿದೆ. ತಿಂದರು. ಮೂರನೆಯದಕ್ಕೆ ಕೈ ಅಡ್ಡ ಹಿಡಿದು, "ನೋ, ನೋ" ಅಂದರು. ನಮ್ಮಲ್ಲಿ ಬೇಡ ಅಂದವರಿಗೆ ಬಡಿಸದೆ ಮುಂದೆ ಹೋದರೆ ಬಡಿಸುವವನಿಗೆ ಅವಮಾನ. ಬೆರಳ ಸಂದಿಯಿಂದ ಜಾರಿಸಿದೆ. ತಿಂದರು. ನಾಲ್ಕನೆಯದಕ್ಕೆ ಎಲೆಯ ಮೇಲೆ ಮೈಯನ್ನೇ ಬಾಗಿಸಿದರು. ಪಕ್ಕದಿಂದ ಹಾಕಿದೆ. ಅದನ್ನೂ ತಿಂದರು, ನಿಧಾನಕ್ಕೆ, ಬಹಳ ಯೋಚನೆ ಮಾಡುತ್ತಾ.

ಆಮೇಲೆ ಎಡಗೈಯಿಂದ ಬ್ಯಾಗಿನೊಳಗಿನ ಚೀಟಿ ಪುಸ್ತಕ ತೆಗೆದು, ಎಲೆ ಪಕ್ಕದಲ್ಲಿಟ್ಟು ಏನೋ ಬರೆದು, ಹರಿದು ನನ್ನ ಕೈಗೆ ಕೊಟ್ಟರು. ಇಡೀ ಸಾಲು ಊಟ ನಿಲ್ಲಿಸಿ ನೋಡುತ್ತಿತ್ತು. ಮಗಳು ಗಟ್ಟಿಯಾಗಿ ಓದಿ ಕನ್ನಡ ಮಾಡಿದಳು, "ಕಜ್ಜಾಯ. ಒಂದು ಊಟಕ್ಕೆ ಒಂದೇ. ಹೆಚ್ಚಾಗಿ ಕೊಡಬಾರದು. ಒತ್ತಾಯ ಮಾಡಬಾರದು. ನಾನು ಒಂದು ಅಂತ ಬರೆದರೆ ನೀವು ನಾಲ್ಕು ಯಾಕೆ ನುಂಗಿದ್ರಿ ಅಂತ ನನಗೆ ಇವತ್ತು ಅರ್ಥ ಆಯ್ತು."

ಹಾಲ್ ಪೂರ್ತಿ ನಕ್ಕಿತು. ನಾನು ಚೀಟಿಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡೆ. ಡಾಕ್ಟರು ಬರೆದುಕೊಟ್ಟ ಮೇಲೆ ಮೀರುವ ಹಾಗಿಲ್ಲ, ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿದೆ.

ತಟ್ಟೆಯಿಂದ ಇನ್ನೊಂದು ಕಜ್ಜಾಯ ತೆಗೆದು ಅವರ ಎಲೆಯ ಮೇಲೆ ಇಟ್ಟೆ. "ಅಮ್ಮಾ, ಇದು ಇವತ್ತಿನದಲ್ಲ" ಅಂದೆ, "ನಾಳೆ ಬೆಳಗ್ಗೇದು. ಈಗಲೇ ನುಂಗಿಬಿಡಿ."